ಸ್ಥಾಲೀಪುಲಾಕನ್ಯಾಯವೂ ಸಜೀವಕೋಶಗಳ ವರ್ಣಪಟಲಪರೀಕ್ಷೆಯೂ

ಒಂದು ಅಗುಳನ್ನು ಹಿಸುಕಿ ನೋಡಿ ಪಾತ್ರೆಯ ಅನ್ನವೆಲ್ಲವೂ ಬೆಂದಿತೆಂದು ನಿಶ್ಚಯಿಸುವ ಕ್ರಮಕ್ಕೆ ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂದು ಹೆಸರಿಟ್ಟಿರುವರು. ವೈಯಾಕರಣರೂ ಮೀಮಾಂಸಕರೂ ಇದನ್ನು ಧಾರಾಳವಾಗಿ ಬಳಸಿದ್ದಾರೆ. ಅಡಿಗೆಮನೆಯಲ್ಲಿಯಂತೂ ಇದು ನಿತ್ಯವೂ ನಡೆಯುವ ಪರೀಕ್ಷೆ. ಆದರೆ ಈ ನ್ಯಾಯವು ನಿಲ್ಲುವುದು ಎರಡು ನಿಬಂಧನೆಗಳ ಮೇಲೆ. ಪಾತ್ರೆಯ ಅಗುಳುಗಳೆಲ್ಲವೂ ಒಂದೇ ಜಾತಿಯ ಅಕ್ಕಿಯವು, ಒಂದೇ ನೀರಿನಲ್ಲಿ ಒಂದೇ ಉರಿಯಲ್ಲಿ ಬೆಂದವು ಎಂಬುದು ಮೊದಲನೆಯದು. ಹಿಸುಕಿದ ಅಗುಳು ಹೋದರೂ ನಷ್ಟವಿಲ್ಲವೆಂಬುದು ಎರಡನೆಯದು. ಎಲೆಗೆ ಬೀಳುವುದು ಪರೀಕ್ಷಿತವಾದ ಅಗುಳಲ್ಲ, ಪರೀಕ್ಷಿಸದೆ ಉಳಿದ ಅನ್ನ. ಅನ್ನದ ವಿಷಯದಲ್ಲಿ ಇದರಿಂದ ಯಾವ ಬಾಧಕವೂ ಇಲ್ಲ.

ಈಚಿನ ವೈದ್ಯಶಾಸ್ತ್ರದಲ್ಲಿ ಪುನರುತ್ಪಾದನ ಚಿಕಿತ್ಸೆಯೆಂಬ ಒಂದು ಶಾಖೆ ಬೆಳೆದಿದೆ. ಸುಟ್ಟ ಚರ್ಮ, ಕುಂದಿದ ಕಣ್ಣು, ಮುರಿದು ಕೂಡದ ಎಲುಬು, ಇವುಗಳ ಸ್ಥಾನದಲ್ಲಿ ಇರಿಸುವುದಕ್ಕಾಗಿ ಮನುಷ್ಯನ ಜೀವಕೋಶಗಳನ್ನು ದೇಹದ ಹೊರಗೆ, ಗಾಜಿನ ಬಟ್ಟಲಿನಲ್ಲಿ, ಪೋಷಕದ್ರವದ ನಡುವೆ ಬೆಳೆಸಿ ರೋಗಿಗೆ ನಾಟಿಮಾಡುವುದು ಅದರ ಕ್ರಮ. ಬಟ್ಟಲಿನ ಕೋಶಗಳು ಯೋಗ್ಯವಾದುವೆಂದು ತಿಳಿಯಲು ಬಹುಕಾಲದ ಉಪಾಯವೆಂದರೆ ಅವುಗಳಲ್ಲಿ ಕೆಲವನ್ನು ತೆಗೆದು ಕೊಂದು, ಬಣ್ಣ ಕಟ್ಟಿ, ಇಲ್ಲವೇ ಅರೆದು ರಸ ತೆಗೆದು ಪರೀಕ್ಷಿಸುವುದು. ಇದು ಸ್ಥಾಲೀಪುಲಾಕವೇ. ಆದರೆ ಇಲ್ಲಿ ಅಗುಳುಗಳು ಸಮಾನವಲ್ಲ. ಒಂದೇ ಬಟ್ಟಲಿನಲ್ಲಿ ಒಂದು ಕೋಶವು ಎಲುಬಿನ ಕೋಶವಾಗಿ ಪರಿಣಮಿಸಿದ್ದರೆ, ಅದರ ನೆರೆಯದು ಇನ್ನೂ ಏನೂ ಆಗದೆ ಉಳಿದಿರಬಹುದು; ಹಾಗುಳಿದ ಕೋಶವು ದೇಹದೊಳಗೆ ಗಡ್ಡೆಯಾಗಿ ಬೆಳೆಯಬಹುದು. ಪರೀಕ್ಷಿಸಿದ ಕೋಶವು ಸತ್ತಿತು. ರೋಗಿಯ ದೇಹವನ್ನು ಸೇರಿದುದು ಪರೀಕ್ಷಿಸದ ಕೋಶ. ಯಾವುದನ್ನು ಕೊಡುವರೋ ಅದನ್ನೇ, ಕೊಲ್ಲದೆ, ಮುಟ್ಟದೆ ಪರೀಕ್ಷಿಸುವ ಬಗೆ ಉಂಟೆ ಎಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ಉಂಟು, ಅದು ಬೆಳಕಿನಿಂದ ಸಾಧ್ಯ ಎಂಬ ಉತ್ತರವು ಒಂದೇ ದಿನದಲ್ಲಿ ದೊರೆತುದಲ್ಲ. ಅದರ ಹಿಂದೆ ಮೂರೂವರೆ ಶತಮಾನಗಳ ಇತಿಹಾಸವಿದೆ.

ಆ ಇತಿಹಾಸದ ಮೊದಲು ಜೀವಕೋಶದ ಮಾತೇ ಇಲ್ಲ. ೧೬೬೬ರ ಸುಮಾರಿಗೆ ಐಸಾಕ್ ನ್ಯೂಟನ್ ಕತ್ತಲೆಗೊಳಿಸಿದ ಕೋಣೆಯೊಳಗೆ ಕಿಂಡಿಯಿಂದ ಬಂದ ಬಿಸಿಲನ್ನು ಗಾಜಿನ ಅಶ್ರಗದಲ್ಲಿ ಹಾಯಿಸಿ, ಬಿಳಿಯ ಬೆಳಕು ಬಣ್ಣಗಳ ಪಟ್ಟಿಯಾಗಿ ಬಿಡಿಸಿಕೊಳ್ಳುವುದನ್ನು ಕಂಡರು. ೧೬೭೨ರಲ್ಲಿ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಪಟ್ಟಿಯೇ ಕನ್ನಡದಲ್ಲಿ ವರ್ಣಪಟಲವೆಂದೂ ರೋಹಿತವೆಂದೂ ಕರೆಯಲ್ಪಡುತ್ತದೆ. ೧೮೦೨ರಲ್ಲಿ ವೊಲಾಸ್ಟನ್ ಎಂಬವರು ಸೂರ್ಯನ ವರ್ಣಪಟಲದಲ್ಲಿ ಕೆಲವು ಕಪ್ಪು ಗೆರೆಗಳನ್ನು ಕಂಡರು. ೧೮೧೪ರಲ್ಲಿ ಬವೇರಿಯಾದ ಗಾಜಿನ ಕುಶಲಕರ್ಮಿ ಫ್ರೌನ್‌ಹೋಫರ್ ಅಂತಹ ಐನೂರಕ್ಕೂ ಮಿಕ್ಕ ಗೆರೆಗಳನ್ನು ಎಣಿಸಿ ಅವುಗಳ ಸ್ಥಾನಗಳನ್ನು ಗುರುತಿಸಿದರು. ಆ ಗೆರೆಗಳ ಅರ್ಥವನ್ನು ಹೇಳಿದವರು ಹೈಡಲ್‌ಬರ್ಗಿನ ಕಿರ್ಖಾಫ್ ಮತ್ತು ಬುನ್ಸೆನ್. ಪ್ರತಿಯೊಂದು ಧಾತುವೂ ತನಗೆ ಮಾತ್ರ ಸಲ್ಲುವ ಬಣ್ಣದ ಬೆಳಕನ್ನು ಹೊರಗೆಡಹುವುದೆಂದೂ ಅದೇ ಬೆಳಕನ್ನು ಹೀರುವುದೆಂದೂ ೧೮೫೯ರಿಂದೀಚೆಗೆ ಅವರು ತೋರಿಸಿಕೊಟ್ಟರು. ಖನಿಜಜಲದಲ್ಲಿ ಅತ್ಯಲ್ಪವಾಗಿದ್ದ ಸೀಸಿಯಂ ಧಾತುವು ೧೮೬೦ರಲ್ಲಿ ಅವರಿಗೆ ದೊರೆತುದು ತನ್ನ ನೀಲಿಗೆರೆಗಳಿಂದ. ಮರುವರ್ಷ ರುಬಿಡಿಯಂ ದೊರೆತುದು ಕೆಂಪುಗೆರೆಗಳಿಂದ. ಕೋಟ್ಯಂತರ ಮೈಲಿಗಳ ಆಚೆಗಿರುವ ಸೂರ್ಯನಲ್ಲಿ ಏನೇನಿದೆಯೆಂದು ಇಲ್ಲಿಯೇ ಕುಳಿತು ಹೇಳುವುದು ಸಾಧ್ಯವಾಯಿತು. ವಸ್ತುವನ್ನು ಮುಟ್ಟದೆಯೇ ಅದರ ಘಟಕಗಳನ್ನು ಅರಿಯಬಹುದೆಂಬ ತತ್ತ್ವವು ಹೀಗೆ ಸ್ಥಿರಪಟ್ಟಿತು.

ಈ ತತ್ತ್ವವು ಆಕಾಶದಿಂದ ದೇಹಕ್ಕೆ ಇಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ೧೮೬೨ರಲ್ಲಿ ಜರ್ಮನಿಯ ಹೊಪ್ಪೆ-ಸೈಲರ್ ರಕ್ತದ ದ್ರಾವಣದ ಮೂಲಕ ಬೆಳಕನ್ನು ಹಾಯಿಸಿದಾಗ ಹಳದಿ ಮತ್ತು ಹಸುರು ಬಣ್ಣಗಳ ಭಾಗದಲ್ಲಿ ಎರಡು ಕಪ್ಪು ಪಟ್ಟೆಗಳು ಕಾಣುವುದನ್ನು ವರ್ಣಿಸಿದರು. ೧೮೬೪ರಲ್ಲಿ ಆ ರಂಗಿಗೆ ಹಿಮೋಗ್ಲೋಬಿನ್ ಎಂಬ ಹೆಸರನ್ನೂ ಇಟ್ಟರು. ಅದೇ ವರ್ಷ ಕೇಂಬ್ರಿಡ್ಜಿನ ಭೌತಶಾಸ್ತ್ರಜ್ಞ ಸ್ಟೋಕ್ಸ್, ರಕ್ತದಿಂದ ಆಮ್ಲಜನಕವನ್ನು ಕಸಿದುಕೊಳ್ಳುವ ಲವಣವೊಂದನ್ನು ಬೆರಸಿದರೆ ಆ ಎರಡು ಪಟ್ಟೆಗಳು ಮಾಯವಾಗಿ ಒಂದೇ ಅಗಲವಾದ ಪಟ್ಟೆ ಮೂಡುವುದೆಂದೂ, ಗಾಳಿಯೊಡನೆ ಕುಲುಕಿದರೆ ಮರಳಿ ಎರಡು ಪಟ್ಟೆಗಳಾಗುವುವೆಂದೂ ಕಂಡುಹಿಡಿದರು. ಇದರ ಮಹತ್ತ್ವವನ್ನು ಸ್ವಲ್ಪ ನಿಂತು ಗಮನಿಸಬೇಕು. ಕಿರ್ಖಾಫರಿಗೆ ಬೆಳಕು ಹೇಳಿದುದು ವಸ್ತು ಯಾವುದೆಂಬುದನ್ನು. ಸ್ಟೋಕ್ಸರಿಗೆ ಅದು ಹೇಳಿದುದು ವಸ್ತುವು ಯಾವ ಅವಸ್ಥೆಯಲ್ಲಿದೆಯೆಂಬುದನ್ನು. ಉಸಿರಿನ ಹೋಗುಬರವು ಕಣ್ಣಿಗೆ ಕಾಣುವಂತಾಯಿತು. ೧೯೭೪ರಲ್ಲಿ ಜಪಾನಿನ ಅಓಯಾಗಿ ಟಕುಓ ರೂಪಿಸಿದ, ೨೦೨೦ರ ಮಹಾಮಾರಿಯ ಕಾಲದಲ್ಲಿ ಮನೆಮನೆಯನ್ನೂ ಹೊಕ್ಕ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಮೂಲವೂ ಈ ರಕ್ತವರ್ಣದ ಭೇದದಲ್ಲಿಯೇ ಇದೆ.

೧೮೮೨ರಲ್ಲಿ ಎಂಗೆಲ್‌ಮನ್ ಎಂಬ ವಿದ್ವಾಂಸರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸೂಕ್ಷ್ಮದರ್ಶಕದ ಕೆಳಗೆ ಹಸುರು ಪಾಚಿಯ ಎಳೆಯೊಂದನ್ನಿಟ್ಟು, ಅದರ ಮೇಲೆ ಪುಟ್ಟದೊಂದು ವರ್ಣಪಟಲವನ್ನು ಬೀಳಿಸಿ, ಆಮ್ಲಜನಕವನ್ನರಸಿ ಹೋಗುವ ಬ್ಯಾಕ್ಟೀರಿಯಾಗಳನ್ನು ಸುತ್ತ ಬಿಟ್ಟರು. ಅವು ಕೆಂಪು ಮತ್ತು ನೀಲಿ ಬಿದ್ದ ಎಡೆಗಳಲ್ಲಿ ಮುತ್ತಿಕೊಂಡು, ಹಸುರು ಬಿದ್ದ ಎಡೆಯಲ್ಲಿ ವಿರಳವಾದುವು. ಯಾವ ಬಣ್ಣದಲ್ಲಿ ಪಾಚಿಯು ಹೆಚ್ಚಾಗಿ ಆಮ್ಲಜನಕವನ್ನು ಬಿಡುವುದೆಂಬುದು ಸಜೀವಕೋಶದಿಂದಲೇ ತಿಳಿದುಬಂದಿತು.

ಮೃತವಾದುದನ್ನು ಪರೀಕ್ಷಿಸುವವರಿಗೂ ಜೀವಂತವಾದುದನ್ನು ನೋಡುವವರಿಗೂ ನಡೆದ ವಾದವೊಂದು ಈ ಇತಿಹಾಸದ ನಡುಭಾಗದಲ್ಲಿದೆ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಊರಿನ ವೈದ್ಯ ಚಾರ್ಲ್ಸ್ ಮ್ಯಾಕ್‌ಮನ್, ತನ್ನ ವೃತ್ತಿಯ ಬಿಡುವಿನಲ್ಲಿ ಅನೇಕ ಪ್ರಾಣಿಗಳ ಹಸಿಯ ಮಾಂಸಖಂಡಗಳನ್ನು ವರ್ಣಪಟಲದರ್ಶಕದಲ್ಲಿ ನೋಡಿ, ಹಿಮೋಗ್ಲೋಬಿನ್ನಿಗೆ ಸೇರದ ಬೇರೆ ಪಟ್ಟೆಗಳು ಅವುಗಳಲ್ಲಿರುವುದನ್ನು ೧೮೮೪ರಿಂದ ೧೮೮೬ರವರೆಗೆ ಪ್ರಕಟಿಸಿದರು. ಇದು ಜೀವಕೋಶಗಳು ಉಸಿರಾಡುವುದಕ್ಕೆ ಸಾಧನವಾದ ರಂಗು ಎಂಬುದು ಅವರ ಸಿದ್ಧಾಂತ. ಹೊಪ್ಪೆ-ಸೈಲರರು ಇದನ್ನು ಒಪ್ಪಲಿಲ್ಲ. ಮಾಂಸದಿಂದ ತೆಗೆದ ರಸದಲ್ಲಿ ಕಾಣುವುದು ಕೆಟ್ಟ ಹಿಮೋಗ್ಲೋಬಿನ್ ಮಾತ್ರವೆಂಬುದು ಅವರ ಪಕ್ಷದ ವಾದ. ೧೮೯೦ರಲ್ಲಿ ತಮ್ಮ ಪತ್ರಿಕೆಯಲ್ಲಿಯೇ, ಈ ಚರ್ಚೆಯನ್ನು ಮುಂದುವರಿಸುವುದು ಅನಾವಶ್ಯಕವೆಂದು ಟಿಪ್ಪಣಿಯನ್ನು ಸೇರಿಸಿ ಅವರು ವಾದವನ್ನು ಮುಗಿಸಿಬಿಟ್ಟರು. ಹಿಮೋಗ್ಲೋಬಿನ್ ಇಲ್ಲದ ಕೀಟಗಳ ಸ್ನಾಯುಗಳಲ್ಲಿಯೂ ಆ ಪಟ್ಟೆಗಳಿವೆಯೆಂಬ ಪ್ರಬಲವಾದ ಹೇತುವಿಗೆ ತಕ್ಕ ಸಮಾಧಾನ ದೊರೆಯದೆ ಹೋಯಿತು. ರಕ್ತವರ್ಣಕ್ಕೆ ಹೆಸರಿಟ್ಟ ಆಚಾರ್ಯನ ಎದುರಿನಲ್ಲಿ ಊರ ವೈದ್ಯನ ಮಾತು ನಡೆಯುವುದೆಂತು? ಮ್ಯಾಕ್‌ಮನ್ ೧೯೧೧ರಲ್ಲಿ ಕಾಲವಾದರು. ಆಗಲೂ ಅವರ ಮಾತಿಗೆ ಮನ್ನಣೆ ಇರಲಿಲ್ಲ.

೧೯೨೫ರಲ್ಲಿ ಕೇಂಬ್ರಿಡ್ಜಿನ ಡೇವಿಡ್ ಕೈಲಿನ್ ಅದೇ ಪಟ್ಟೆಗಳನ್ನು ಮತ್ತೆ ಕಂಡರು. ಅವರು ನೋಡಿದುದು ರಸವನ್ನಲ್ಲ, ಕೀಟಗಳ ಸ್ನಾಯುಗಳನ್ನು ಮತ್ತು ಜೀವಂತವಾದ ಯೀಸ್ಟನ್ನು. ಯೀಸ್ಟಿನ ಗಂಜಿಯನ್ನು ಗಾಳಿಯೊಡನೆ ಕುಲುಕಿದರೆ ಪಟ್ಟೆಗಳು ಅಳಿಸಿಹೋಗುತ್ತಿದ್ದುವು. ಸುಮ್ಮನೆ ಇಟ್ಟರೆ ಮರಳಿ ಮೂಡುತ್ತಿದ್ದುವು. ಕೋಶವು ಆಮ್ಲಜನಕವನ್ನು ಬಳಸುತ್ತಿರುವುದರ ಕುರುಹೇ ಅದು. ಆ ರಂಗಿಗೆ ಅವರು ಸೈಟೋಕ್ರೋಮ್ ಎಂದು ಹೆಸರಿಟ್ಟರು. ಮ್ಯಾಕ್‌ಮನ್ನರು ಅದನ್ನು ಮೊದಲೇ ಕಂಡಿದ್ದರೆಂದು ಸ್ಪಷ್ಟವಾಗಿ ಬರೆದರು. ಮೂವತ್ತೈದು ವರ್ಷ ಸುಳ್ಳೆನಿಸಿಕೊಂಡಿದ್ದ ಮಾತು ನಿಜವಾಯಿತು. ಹೊಪ್ಪೆ-ಸೈಲರರು ಅಸಮರ್ಥರೆಂದು ಇದರಿಂದ ಹೇಳತಕ್ಕುದಿಲ್ಲ. ಅವರು ನಂಬಿದ ಪರೀಕ್ಷಾಕ್ರಮವೇ ಪರೀಕ್ಷ್ಯವಸ್ತುವನ್ನು ಕೆಡಿಸುತ್ತಿದ್ದಿತು. ಕೋಶವನ್ನು ಅರೆದಾಗ ಸಾಕ್ಷ್ಯವೂ ಅರೆಯಲ್ಪಟ್ಟಿತು.

ಕೈಲಿನ್ನರ ಮಾರ್ಗವನ್ನು ಅಮೆರಿಕದ ಬ್ರಿಟನ್ ಚಾನ್ಸ್ ಮುಂದುವರಿಸಿದರು. ಕೋಶದೊಳಗಿನ ಕೆಲವು ಅಣುಗಳು ನೇರಳೆಯಾಚೆಯ ಬೆಳಕನ್ನು ಹೀರಿ ತಾವೇ ನಸುನೀಲಿಯಾಗಿ ಬೆಳಗುತ್ತವೆ. ಆ ಹೊಳಪಿನ ಏರಿಳಿತವನ್ನು ಅಳೆದು, ಜೀವಂತ ಪ್ರಾಣಿಯ ಅಂಗಗಳಲ್ಲಿ ಆಮ್ಲಜನಕದ ಬಳಕೆಯನ್ನು ಗುರುತಿಸಬಹುದೆಂದು ಚಾನ್ಸರೂ ಸಹೋದ್ಯೋಗಿಗಳೂ ೧೯೬೨ರಲ್ಲಿ ತೋರಿಸಿದರು. ಆದರೆ ಇವೆಲ್ಲವೂ ಬಣ್ಣವುಳ್ಳ ಅಥವಾ ಹೊಳೆಯುವ ಅಣುಗಳಿಗೆ ಮಾತ್ರ ಸಲ್ಲುವ ಮಾರ್ಗಗಳು. ಕೋಶದ ಬಹುಭಾಗವು ಬಣ್ಣವಿಲ್ಲದುದು. ಅದನ್ನು ಮಾತನಾಡಿಸುವುದಕ್ಕೆ ಬೇರೊಂದು ಬೆಳಕು ಬೇಕಾಗಿದ್ದಿತು.

ಅದು ದೊರೆತುದು ಭಾರತದಲ್ಲಿ. ೧೯೨೧ರಲ್ಲಿ ಸಮುದ್ರಯಾನ ಮಾಡುತ್ತ ಮೆಡಿಟರೇನಿಯನ್ ಕಡಲಿನ ನೀಲಿಯನ್ನು ಕಂಡಂದಿನಿಂದ ಚಂದ್ರಶೇಖರ ವೆಂಕಟರಾಮನ್ನರು ದ್ರವಗಳಲ್ಲಿ ಬೆಳಕು ಚೆದರುವ ಬಗೆಯನ್ನು ಕಲ್ಕತ್ತೆಯಲ್ಲಿ ಪರಿಶೋಧಿಸುತ್ತಿದ್ದರು. ೧೯೨೮ರ ಫೆಬ್ರವರಿ ೨೮ರಂದು, ಕೆ. ಎಸ್. ಕೃಷ್ಣನ್ನರ ಸಹಾಯದಿಂದ, ದ್ರವದೊಳಕ್ಕೆ ಕಳುಹಿಸಿದ ಬಣ್ಣಕ್ಕಿಂತ ಬೇರೆಯಾದ ಬಣ್ಣವೂ ಅತ್ಯಲ್ಪವಾಗಿ ಚೆದರಿ ಬರುವುದೆಂದು ಅವರು ನಿಶ್ಚಯಿಸಿದರು. ಮಾರ್ಚ್ ೧೬ರಂದು ಈ ಹೊಸ ವಿಕಿರಣದ ವಿಷಯವಾಗಿ ಅವರು ಸವಿಸ್ತಾರವಾಗಿ ಉಪನ್ಯಾಸ ಮಾಡಿದುದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನಸಂಘದ ಸಭೆಯಲ್ಲಿ, ಎಂಬುದು ಕನ್ನಡಿಗರು ಸಂತೋಷದಿಂದ ನೆನೆಯತಕ್ಕ ಸಂಗತಿ. ೧೯೩೦ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರಾಮನ್ನರು ೧೯೩೩ರಿಂದ ೧೯೭೦ರಲ್ಲಿ ಕಾಲವಾಗುವವರೆಗೆ ಬೆಂಗಳೂರಿನಲ್ಲಿಯೇ ನೆಲಸಿದರು.

ರಾಮನ್ ಪರಿಣಾಮದ ತತ್ತ್ವವನ್ನು ಸುಲಭವಾಗಿ ಹೇಳಬಹುದು. ಅಣುವೆಂಬುದು ಪರಮಾಣುಗಳ ಬಂಧಗಳಿಂದಾದುದು. ಪ್ರತಿಯೊಂದು ಬಂಧವೂ ತನ್ನದೇ ಆದ ವೇಗದಲ್ಲಿ ಕಂಪಿಸುತ್ತಿರುತ್ತದೆ. ತಗುಲಿದ ಬೆಳಕಿನಲ್ಲಿ ಒಂದಂಶವು ಆ ಕಂಪನಕ್ಕೆ ಸ್ವಲ್ಪ ಶಕ್ತಿಯನ್ನು ಕೊಟ್ಟು, ಅಷ್ಟರಮಟ್ಟಿಗೆ ಕೆಂಪಿನ ಕಡೆಗೆ ಸರಿದು ಹಿಂದಿರುಗುತ್ತದೆ. ಸರಿದ ದೂರವನ್ನು ಅಳೆದರೆ ಬಂಧವಾವುದೆಂದು ತಿಳಿಯುತ್ತದೆ. ಒಂದು ಸೆಂಟಿಮೀಟರಿಗೆ ಇಷ್ಟು ಅಲೆಗಳೆಂಬ ಮಾನದಲ್ಲಿ ಎಣಿಸಿದರೆ, ಸಸಾರಜನಕಗಳಲ್ಲಿರುವ ಫೀನೈಲ್ ಅಲನೀನ್ ೧೦೦೩ರ ಸುಮಾರಿನಲ್ಲಿಯೂ, ನ್ಯೂಕ್ಲಿಯಿಕ್ ಆಮ್ಲಗಳು ೭೮೫ರ ಸುಮಾರಿನಲ್ಲಿಯೂ, ಎಲುಬಿನ ಖನಿಜವಾದ ಫಾಸ್ಫೇಟು ೯೬೦ರ ಸುಮಾರಿನಲ್ಲಿಯೂ ಗೆರೆಯೆಳೆಯುತ್ತವೆ. ಬಣ್ಣ ಕಟ್ಟಬೇಕಾಗಿಲ್ಲ. ಇನ್ನೊಂದು ಅನುಕೂಲವೂ ಉಂಟು. ಕೆಂಪಿನಾಚೆಯ ಬೆಳಕನ್ನು ಹೀರಿಸಿ ಬಂಧಗಳನ್ನು ಗುರುತಿಸುವ ಮಾರ್ಗವು ಮೊದಲೇ ಇದ್ದಿತಾದರೂ, ನೀರು ಆ ಬೆಳಕನ್ನು ಬಲವಾಗಿ ಹೀರಿ ಮಿಕ್ಕುದೆಲ್ಲವನ್ನೂ ಮುಚ್ಚಿಬಿಡುತ್ತದೆ. ರಾಮನ್ ಚೆದರಿಕೆಯಲ್ಲಾದರೋ ನೀರು ಬಹುಮಟ್ಟಿಗೆ ಮೌನವಾಗಿರುತ್ತದೆ. ಜೀವಕೋಶದ ಮುಖ್ಯಭಾಗವೇ ನೀರಾದುದರಿಂದ ಈ ಮೌನವು ದೊಡ್ಡ ಉಪಕಾರ.

ಆದರೆ ಈ ಬೆಳಕು ಅತ್ಯಂತ ಕ್ಷೀಣವಾದುದು. ಬಿದ್ದ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಪಾಲಿನಷ್ಟು ಮಾತ್ರ ಹೀಗೆ ಬಣ್ಣ ಬದಲಾಯಿಸಿ ಬರುತ್ತದೆ. ೧೯೬೦ರಲ್ಲಿ ಲೇಸರ್ ಹುಟ್ಟಿ, ೧೯೭೦ರ ದಶಕದಲ್ಲಿ ರಾಮನ್ ಸೂಕ್ಷ್ಮದರ್ಶಕಗಳು ಸಿದ್ಧವಾದ ಮೇಲೆಯೇ ಒಂದು ಕೋಶದಷ್ಟು ಸಣ್ಣ ವಸ್ತುವನ್ನು ಪರೀಕ್ಷಿಸುವ ಆಸೆ ಹುಟ್ಟಿತು. ೧೯೯೦ರಲ್ಲಿ ನೆದರ್‌ಲೆಂಡ್ಸಿನ ಪಪ್ಪೆಲ್ಸ್ ಮತ್ತು ಸಹೋದ್ಯೋಗಿಗಳು ಒಂಟಿಯಾದ ಜೀವಂತ ಕೋಶದ ರಾಮನ್ ವರ್ಣಪಟಲವನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಸುರು ಲೇಸರಿನ ಬೆಳಕು ಕೋಶವನ್ನು ಕೆಡಿಸುವುದೆಂದೂ, ಕೆಂಪು ಬೆಳಕಿನಲ್ಲಿ ಅಂತಹ ಕೇಡು ಕಾಣಲಿಲ್ಲವೆಂದೂ ಮರುವರ್ಷ ಅವರೇ ತಿಳಿಸಿದರು. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಕಡಿಮೆಯದಲ್ಲ. ಬೆಳಕೆಂದ ಮಾತ್ರಕ್ಕೆ ಅದು ನಿರುಪದ್ರವಿಯಲ್ಲ. ದೀಪವು ಮನೆಯನ್ನು ಬೆಳಗುವಂತೆಯೇ ಸುಡಲೂ ಬಲ್ಲುದು.

ಇತ್ತ ವೈದ್ಯರ ಮಾರ್ಗವೂ ಬೆಳೆಯುತ್ತಿದ್ದಿತು. ೧೯೭೫ರಲ್ಲಿ ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ ಮನುಷ್ಯಚರ್ಮದ ಕೋಶಗಳನ್ನು ಬಟ್ಟಲಿನಲ್ಲಿ ಬೆಳೆಸುವ ಕ್ರಮವನ್ನು ಕಂಡರು. ೧೯೮೩ರಲ್ಲಿ ಮೈಯೆಲ್ಲ ಸುಟ್ಟಿದ್ದ ಇಬ್ಬರು ಬಾಲಕರು ಹೀಗೆ ಬೆಳೆಸಿದ ತಮ್ಮದೇ ಚರ್ಮದಿಂದ ಬದುಕಿಕೊಂಡರು. ೧೯೯೮ರಲ್ಲಿ ಥಾಮ್ಸನ್ ಮನುಷ್ಯಭ್ರೂಣದ ಆಕರಕೋಶಗಳನ್ನು, ಎಂದರೆ ಸ್ಟೆಮ್ ಸೆಲ್ ಎಂದು ಪ್ರಸಿದ್ಧವಾದ, ಯಾವ ಅಂಗದ ಕೋಶವಾಗಿಯೂ ಪರಿಣಮಿಸಬಲ್ಲ ಕೋಶಗಳನ್ನು, ಬೇರ್ಪಡಿಸಿ ಬೆಳೆಸಿದರು. ೨೦೦೬ರಲ್ಲಿ ಕ್ಯೋಟೊದ ಯಮನಾಕ ಶಿನ್ಯ, ಬೆಳೆದ ಇಲಿಯ ಸಾಮಾನ್ಯ ಕೋಶವನ್ನೇ ಹಿಂದಿರುಗಿಸಿ ಆಕರಕೋಶದಂತೆ ಮಾಡಬಹುದೆಂದು ತೋರಿಸಿದರು. ಮರುವರ್ಷ ಮನುಷ್ಯಕೋಶದಲ್ಲಿಯೂ ಇದು ಸಿದ್ಧಿಸಿತು. ೨೦೧೪ರಲ್ಲಿ ಜಪಾನಿನ ಕೋಬೆಯಲ್ಲಿ ತಕಹಾಶಿ ಮಸಾಯೊ ಅವರ ತಂಡವು ಇಂತಹ ಕೋಶಗಳಿಂದ ಬೆಳೆಸಿದ ತೆಳುಪೊರೆಯನ್ನು ರೋಗಿಯೊಬ್ಬರ ಕಣ್ಣಿಗೆ ನಾಟಿಮಾಡಿತು. ೨೦೧೫ರಲ್ಲಿ ಎರಡನೆಯ ರೋಗಿಗಾಗಿ ಸಿದ್ಧಪಡಿಸಿದ ಕೋಶಗಳ ತಳಿದ್ರವ್ಯದಲ್ಲಿ ಮಾರ್ಪಾಡುಗಳು ಕಂಡುದರಿಂದ ನಾಟಿಯು ನಿಲ್ಲಿಸಲ್ಪಟ್ಟಿತು. ಕೋಶಗಳ ಪರೀಕ್ಷೆಯೆಂಬುದು ಪಂಡಿತರ ಕುತೂಹಲದ ವಿಷಯ ಮಾತ್ರವಲ್ಲವೆಂಬುದಕ್ಕೆ ಈ ನಿದರ್ಶನ ಸಾಕು.

ಬೆಳಕಿನ ಮಾರ್ಗವೂ ಚಿಕಿತ್ಸೆಯ ಮಾರ್ಗವೂ ಕೂಡಿದ ಎಡೆಗಳಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು ಒಂದು. ಅರ್ಜೆಂಟೀನದಲ್ಲಿ ಹುಟ್ಟಿ ಲಂಡನ್ನಿನಲ್ಲಿ ರೋಗನಿದಾನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೂಲಿಯಾ ಪೊಲಾಕ್ ಅವರಿಗೆ, ತಾವು ಅಭ್ಯಾಸಮಾಡುತ್ತಿದ್ದ ಶ್ವಾಸಕೋಶದ ರಕ್ತನಾಳಗಳ ರೋಗವೇ ತಗುಲಿ, ೧೯೯೫ರಲ್ಲಿ ಹೃದಯವನ್ನೂ ಶ್ವಾಸಕೋಶಗಳನ್ನೂ ಬದಲಾಯಿಸಬೇಕಾಯಿತು. ಮೃತರ ಅಂಗದಿಂದ ಬದುಕಿದ ಆಕೆ, ಅಂಗಾಂಶಗಳನ್ನು ಬೆಳೆಸಿಕೊಡುವ ವಿದ್ಯೆಗೆ ತಮ್ಮ ಉಳಿದ ಆಯುಸ್ಸನ್ನು ಮುಡಿಪಿಟ್ಟು, ೨೦೧೪ರವರೆಗೆ ಜೀವಿಸಿದ್ದರು. ಎಲುಬಿನೊಡನೆ ಬೆಸೆಯುವ ಗಾಜನ್ನು ೧೯೬೯ರಲ್ಲಿ ನಿರ್ಮಿಸಿದ್ದ ಲ್ಯಾರಿ ಹೆಂಚ್ ಅವರಿಗೆ ಜೊತೆಯಾದರು. ಇವರೊಡನೆ ಕೆಲಸಮಾಡಿದ ನೊಟಿಂಗರ್ ಮತ್ತು ಸಹೋದ್ಯೋಗಿಗಳು ೨೦೦೪ರಲ್ಲಿ, ಇಲಿಯ ಭ್ರೂಣದ ಆಕರಕೋಶಗಳನ್ನು ರಾಮನ್ ಬೆಳಕಿನಲ್ಲಿ ನೋಡಿ, ಏನೂ ಆಗದ ಕೋಶದಲ್ಲಿ ಆರ್‌ಎನ್‌ಎ ಎಂಬ ನ್ಯೂಕ್ಲಿಯಿಕ್ ಆಮ್ಲದ ಗೆರೆಯು ಎತ್ತರವಾಗಿಯೂ, ಕೋಶವು ಪರಿಣಮಿಸುತ್ತ ಹೋದಂತೆ ತಗ್ಗಾಗಿಯೂ ಇರುವುದನ್ನು ತಿಳಿಸಿದರು. ಎಲುಬು ಕಟ್ಟುವ ಕೋಶಗಳಲ್ಲಿಯಾದರೆ ೯೬೦ರ ಗೆರೆಯು ದಿನದಿಂದ ದಿನಕ್ಕೆ ಬೆಳೆಯುವುದನ್ನು, ಅದೇ ಬಟ್ಟಲಿನಲ್ಲಿ, ಅದೇ ಕೋಶಗಳಲ್ಲಿ ನೋಡಬಹುದು. ಈ ಖನಿಜವನ್ನು ಗುರುತಿಸಲು ರೂಢಿಯಲ್ಲಿರುವ ಕ್ರಮದಲ್ಲಿ ಕೋಶಗಳನ್ನು ಕೊಂದು ಕೆಂಪು ಬಣ್ಣ ಕಟ್ಟಬೇಕಾಗುತ್ತದೆ. ಬಣ್ಣ ಹತ್ತಿದ ಬಟ್ಟಲು ಮರುದಿನಕ್ಕೆ ಒದಗದು.

ಹೀಗಿರಲಾಗಿ, ಬೆಳಕು ದೊರೆತುದರಿಂದ ಸ್ಥಾಲೀಪುಲಾಕವು ಕೈಬಿಟ್ಟಿತೆಂದು ಹೇಳಬಹುದೆ? ಇಲ್ಲಿ ಪ್ರಮಾಣವಿಚಾರವು ಅಗತ್ಯ. ಬೆಳಕು ಕೊಡುವುದು ಗೆರೆಗಳ ಎತ್ತರತಗ್ಗುಗಳನ್ನು ಮಾತ್ರ. ಇದು ಎಲುಬಿನ ಕೋಶ, ಇದು ಅಪಕ್ವಕೋಶ ಎಂಬ ನಿಶ್ಚಯವು ಪ್ರತ್ಯಕ್ಷವಲ್ಲ, ಅನುಮಾನ. ಗೆರೆಯು ಲಿಂಗ, ಕೋಶದ ಅವಸ್ಥೆಯು ಸಾಧ್ಯ. ಇವೆರಡರ ವ್ಯಾಪ್ತಿಯನ್ನು ಗ್ರಹಿಸಿದುದೆಲ್ಲಿ? ಬೆಳಕಿನಲ್ಲಿ ನೋಡಿದ ಮೇಲೆ ಕೊಂದು ಬಣ್ಣ ಕಟ್ಟಿ ನಿಶ್ಚಯಿಸಿದ ಕೋಶಗಳಲ್ಲಿ. ಮೃತಕೋಶಗಳೇ ಬೆಳಕಿಗೆ ಭಾಷೆಯನ್ನು ಕಲಿಸಿದುವು. ಆ ಋಣವು ತೀರುವಂತಹುದಲ್ಲ. ಅಲ್ಲದೆ ಬೆಂಕಿಯಿದ್ದೆಡೆಯಲ್ಲೆಲ್ಲ ಹೊಗೆಯುಂಟೆಂಬ ಅನುಮಾನಕ್ಕೆ ಹಸಿಸೌದೆಯು ಉಪಾಧಿಯಾಗುವಂತೆ, ಇಲ್ಲಿಯೂ ಉಪಾಧಿಗಳುಂಟು. ವಿಭಜನೆಗೆ ಸಿದ್ಧವಾಗುತ್ತಿರುವ ಕೋಶದಲ್ಲಿ ನ್ಯೂಕ್ಲಿಯಿಕ್ ಆಮ್ಲವು ಸಹಜವಾಗಿಯೇ ಹೆಚ್ಚುತ್ತದೆ. ಅದನ್ನು ಕಂಡು ಕೋಶವು ಅಪಕ್ವವೆಂದರೆ ಅದು ಹೇತ್ವಾಭಾಸ. ಒಂದು ಪ್ರಯೋಗಶಾಲೆಯ ಯಂತ್ರದಲ್ಲಿ ಗ್ರಹಿಸಿದ ವ್ಯಾಪ್ತಿಯು ಇನ್ನೊಂದರ ಯಂತ್ರದಲ್ಲಿಯೂ ನಿಲ್ಲುವುದೆಂದು ಪರೀಕ್ಷಿಸದೆ ಹೇಳುವಂತಿಲ್ಲ.

ಬೆಳಕಿನ ಅಧಿಕಾರಕ್ಕೂ ಎಲ್ಲೆಯುಂಟು. ತೆಳುಪೊರೆಯಲ್ಲಿ ಸುಲಭವಾಗಿ ನಡೆಯುವ ಈ ಪರೀಕ್ಷೆಯು ದಪ್ಪನಾದ ಅಂಗಾಂಶದಲ್ಲಿ ತೊಡಕಾಗುತ್ತದೆ, ಏಕೆಂದರೆ ಅಲ್ಲಿ ಬೆಳಕು ಒಳಹೊಗುವ ಮೊದಲೇ ಚೆದರಿಹೋಗುತ್ತದೆ. ಕ್ಷೀಣವಾದ ಬೆಳಕನ್ನು ಕೂಡಿಸಿಕೊಳ್ಳಲು ಕಾಲವೂ ಬೇಕು. ಲಕ್ಷಗಟ್ಟಲೆ ಕೋಶಗಳನ್ನು ಒಂದೊಂದಾಗಿ ನೋಡಿ ಮುಗಿಸುವುದು ದುಸ್ತರ. ಇನ್ನು ಕೋಬೆಯ ಎರಡನೆಯ ನಾಟಿಯನ್ನು ತಡೆದ ದೋಷವು ತಳಿದ್ರವ್ಯದ ಬರವಣಿಗೆಯಲ್ಲಿದ್ದುದು. ಅಂತಹ ಅಕ್ಷರವ್ಯತ್ಯಾಸಗಳನ್ನು ರಾಮನ್ ಗೆರೆಗಳು ಓದಲಾರವು. ಅದನ್ನು ಹಿಡಿದುದು ಕೋಶವನ್ನು ಅರೆದು ಓದುವ ಹಳೆಯ ಮಾರ್ಗವೇ. ಕೋಶದ ಅವಸ್ಥೆಗೆ ಬೆಳಕು ಸಾಕ್ಷಿ. ಕೋಶದ ವಂಶಕ್ಕೆ ಅಲ್ಲ.

ಆದುದರಿಂದ ಎರಡು ಮಾರ್ಗಗಳಿಗೂ ಅವುಗಳ ವಿಷಯವಿಭಾಗವನ್ನು ಒಪ್ಪಿಸುವುದೇ ಯುಕ್ತ. ಎಲ್ಲ ಅಗುಳುಗಳಿಗೂ ಸಮಾನವಾದುದನ್ನು, ತಳಿದ್ರವ್ಯದಂತಹುದನ್ನು, ಒಂದಂಶವನ್ನು ತೆಗೆದು ಪರೀಕ್ಷಿಸಬಹುದು. ಅಗುಳಿನಿಂದ ಅಗುಳಿಗೆ, ದಿನದಿಂದ ದಿನಕ್ಕೆ ಬೇರೆಯಾಗುವುದನ್ನು ಬೆಳಕಿನಿಂದಲೇ ನೋಡತಕ್ಕುದು. ಮ್ಯಾಕ್‌ಮನ್ನರ ವಾದದಲ್ಲಿ ಆಚಾರ್ಯರು ಎಡವಿದುದು ಈ ವಿಭಾಗವನ್ನು ಕಾಣದೆ, ತಮ್ಮ ಮಾರ್ಗವೊಂದೇ ಪ್ರಮಾಣವೆಂದು ಬಗೆದುದರಿಂದ. ಅಂದು ಹಾಗೆ ಬಗೆದುದರ ಬೆಲೆ ಒಬ್ಬ ವಿದ್ವಾಂಸನ ಕೀರ್ತಿಯೂ ಮೂವತ್ತೈದು ವರ್ಷಗಳ ಕಾಲವೂ ಆಗಿದ್ದಿತು. ಬೆಳಕೊಂದೇ ಸಾಕೆಂದು ಇಂದು ಬಗೆದರೂ, ಕೊಲ್ಲುವ ಪರೀಕ್ಷೆಯೊಂದೇ ಸಾಕೆಂದು ಬಗೆದರೂ, ಅದರ ಬೆಲೆಯನ್ನು ತೆರುವವನು ಪಂಡಿತನಲ್ಲ. ಕಣ್ಣು ಬರುವುದೆಂದು ನಂಬಿ ಮಂಚದ ಮೇಲೆ ಮಲಗಿರುವ ರೋಗಿ.